ನನ್ನ ಮಗಳ ಮಹಡಿಯೂ ತಮ್ಮ ಯುದ್ಧವಿಮಾನವೂ

ಯುದ್ಧವಿಮಾನ ಆಯ್ಕೆಯ ಉನ್ನತ ಸಮಿತಿಯ ಅಧ್ಯಕ್ಷರೂ, ಪದಕಗಳಿಗೆ ಎಡಗಡೆ ಜಾಗ ಸಾಲದೆ ಬಲಗಡೆಗೂ ಚುಚ್ಚಿಕೊಂಡವರೂ, ನಮ್ಮ ಅಂಗಡಿಯ ಮೂಲೆಯ ಮೇಜನ್ನು ಹನ್ನೊಂದು ವರ್ಷಗಳಿಂದ ಬೆಳಗುತ್ತಿರುವವರೂ ಆದ ಜನರಲ್ ದೋನ್ ಎವರಾರ್ದೊ ಬುಸ್ತಿನ್ಸಾ ಅವರಿಗೆ, ಪಂಪಾ ಬ್ಲಾಂಕಾ ವಾಯುನೆಲೆಯ ಎರಡನೇ ಗೇಟಿನ ಎದುರು ಊಟದ ಅಂಗಡಿ ನಡೆಸುವ ಹೆರ್ಮೆಲಿಂದಾ ಸೆಗಾರ್ರಾ ಎಂಬ ವಿಧವೆಯು ಅಡುಗೆಯ ಏಪ್ರನ್ನಿಗೆ ಎರಡೂ ಕೈ ಒರೆಸಿಕೊಂಡು ಸಲ್ಲಿಸುವ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಕಳೆದ ಶುಕ್ರವಾರ ನಮ್ಮ ಸೀಗಡಿ ಸಾರನ್ನು ತಾವು ಎರಡನೇ ಸಲ ಹಾಕಿಸಿಕೊಂಡದ್ದನ್ನು ಕಣ್ಣಾರೆ ಕಂಡವಳು ನಾನಾದ್ದರಿಂದ ಆ ವಿಷಯದಲ್ಲಿ ನನಗೆ ಹೆಚ್ಚಿನ ಆತಂಕವೇನೂ ಇಲ್ಲ. ತಮ್ಮ ಕಚೇರಿಯ ನೋಟೀಸು ಕೈಸೇರಿದೆ. ವಾಯುನೆಲೆಯ ಎದುರು ನಾನು ಎಬ್ಬಿಸುತ್ತಿರುವ ಮಹಡಿಯ ಕೆಲಸವನ್ನು ಕೂಡಲೇ ನಿಲ್ಲಿಸಬೇಕೆಂದೂ, ದೇಶವು ತನ್ನ ಹೊಸ ಯುದ್ಧವಿಮಾನವನ್ನು ಆರಿಸಿಕೊಳ್ಳುವ ತನಕ ಎಂದಿನ ತಾಳ್ಮೆಯಿಂದ ಕಾಯಬೇಕೆಂದೂ ಅದರಲ್ಲಿ ಅಪ್ಪಣೆಯಾಗಿದೆ. ಎಂದಿನ ತಾಳ್ಮೆ ಎಂಬ ಮಾತನ್ನು ಓದಿ ನಾನು ಒಲೆಗೆ ಇನ್ನೆರಡು ಸೌದೆ ಒಟ್ಟಿದೆ. ಇದುವರೆಗೆ ತಮ್ಮ ಸಮಿತಿಗೆ ಹದಿನಾಲ್ಕು ಪತ್ರ ಬರೆದು ಒಂದಕ್ಕೂ ಉತ್ತರ ಪಡೆಯುವ ಭಾಗ್ಯ ನನಗೆ ಒದಗಿಲ್ಲವಾದ್ದರಿಂದ ಈ ಹದಿನೈದನೆಯದನ್ನು ಪತ್ರಿಕೆಗೆ ಕೊಟ್ಟಿದ್ದೇನೆ. ತಾವು ಓದದಿದ್ದರೆ ಆ ಹಾಳೆಯಲ್ಲಿ ಮೀನು ಕಟ್ಟಿಸಿಕೊಂಡು ಹೋಗುವವರಾದರೂ ಓದುತ್ತಾರೆ.

ಈ ಕಥೆ ಗೊತ್ತಿಲ್ಲದವರಿಗಾಗಿ ಒಂದೆರಡು ಮಾತು ಹೇಳಲು ತಾವು ಅನುಮತಿ ಕೊಡಬೇಕು. ನನಗಿರುವವಳು ಒಬ್ಬಳೇ ಮಗಳು, ನೆಲಿದಾ. ಮಕ್ಕಳಿಗೆ ಮದುವೆಯಾದರೆ ಹೆತ್ತವರು ತಮ್ಮ ಮನೆಯ ಮೇಲೊಂದು ಮಹಡಿ ಎಬ್ಬಿಸಿಕೊಡುವುದು ನಮ್ಮ ಕಡೆಯ ಪದ್ಧತಿ. ನೆಲಿದಾಗೂ ಆಟೋ ಓಡಿಸುವ ವಿಲ್ಬರ್ ತಾಕೊಗೂ ಮದುವೆ ಗೊತ್ತಾದ ಕೂಡಲೇ ನಾನು ಉತ್ಸಾಹದಿಂದ ಮೊದಲು ಮೆಟ್ಟಿಲು ಕಟ್ಟಿಸಿದೆ. ಆ ಮೆಟ್ಟಿಲು ಹನ್ನೊಂದು ವರ್ಷಗಳಿಂದ ಆಕಾಶಕ್ಕೆ ಹೋಗುತ್ತಿದೆ. ಮಗಳು, ಅಳಿಯ, ಅವರ ನಾಲ್ಕು ವರ್ಷದ ಮಗು ಬ್ರಿಸೇಯ್ದಾ, ಮೂವರೂ ನನ್ನ ಅಡುಗೆಮನೆಯ ಹಿಂದೆ, ಜೋಳದ ಮೂಟೆಗಳಿಗೂ ಅದೇ ಜೋಳದ ಚಿಚಾ ಹೆಂಡ ಹುಳಿಯಲು ಇಟ್ಟ ಹರವಿಗಳಿಗೂ ನಡುವೆ ಒಂದು ಪರದೆ ಕಟ್ಟಿಕೊಂಡು ಸಂಸಾರ ಮಾಡುತ್ತಿದ್ದಾರೆ. ಇನ್ನೊಂದು ಮಗು ಯಾವಾಗ ಎಂದು ನೆರೆಯವರು ಕೇಳಿದರೆ ನನ್ನ ಮಗಳು, "ಎಲ್ಲಿ ಮಲಗಿಸ್ಲಿ, ಹರವಿ ಒಳಗಾ?" ಎನ್ನುತ್ತಾಳೆ.

ಮಹಡಿ ಏಳದಿರಲು ಕಾರಣ ತಮ್ಮ ವಿಮಾನ. ಮೆಟ್ಟಿಲು ಕಟ್ಟಿಸಿದ ವರ್ಷವೇ ತಮ್ಮ ಸಮಿತಿಯೂ ಹುಟ್ಟಿತು. ಹಳೆಯ ವಿಮಾನಗಳಿಗೆ ವಯಸ್ಸಾಯಿತು, ಹೊರದೇಶದಿಂದ ಹೊಸವನ್ನು ತರಿಸಬೇಕು ಎಂದು ತೀರ್ಮಾನವಾಯಿತು. ಬರುವ ವಿಮಾನ ಎಷ್ಟು ತಗ್ಗಿನಲ್ಲಿ ಇಳಿಯುತ್ತದೋ ಅದಕ್ಕೆ ತಕ್ಕಂತೆ ರನ್‌ವೇ ಎದುರಿನ ಮನೆಗಳ ಎತ್ತರ ಇರಬೇಕಂತೆ. ನೆಲೆಯ ಇಂಜಿನಿಯರ್ ಸಾಲುಸ್ತಿಯೊ ಯೆರೇನಾ ಬಂದು ನಮ್ಮ ಗೋಡೆಯ ಪಕ್ಕ ಒಂದು ಉದ್ದನೆಯ ಕಂಬ ನೆಟ್ಟು, ಪೈಪೋಟಿಯಲ್ಲಿದ್ದ ಮೂರು ವಿಮಾನಗಳ ಲೆಕ್ಕದಲ್ಲಿ ಅದರ ಮೇಲೆ ಮೂರು ಗೆರೆ ಎಳೆದರು. ನೀಲಿ ಗೆರೆಯ ವಿಮಾನ ಬಂದರೆ ಮಹಡಿ ಧಾರಾಳವಾಗಿ ಕಟ್ಟಬಹುದು. ಹಳದಿಯದು ಬಂದರೆ ಕಟ್ಟಬಹುದು, ಆದರೆ ಅದರೊಳಗೆ ನನ್ನ ಅಳಿಯ ಅಂಬೆಗಾಲಿಡಬೇಕು. ಕೆಂಪು ಗೆರೆಯದು ಬಂದರೆ ಈಗಿರುವ ಮನೆಯನ್ನೇ ಒಂದು ಮೊಳ ಕತ್ತರಿಸಬೇಕು. "ಯಾವ್ದು ಬರುತ್ತೆ ಇಂಜಿನಿಯರೇ?" ಎಂದು ಕೇಳಿದ್ದಕ್ಕೆ, "ಕ್ರಿಸ್‌ಮಸ್ ಒಳಗೆ ಗೊತ್ತಾಗತ್ತೆ ದೊಡ್ಡಮ್ಮಾ, ಸ್ವಲ್ಪ ತಡ್ಕೊಳ್ಳಿ" ಎಂದರು. ಯಾವ ವರ್ಷದ ಕ್ರಿಸ್‌ಮಸ್ ಎಂದು ಕೇಳದೆ ಹೋದದ್ದು ನನ್ನ ತಪ್ಪು.

ಮಾರಲು ಬಂದ ದೇಶಗಳು ಯಾವುವೆಂಬುದು ರಾಜ್ಯರಹಸ್ಯವೆಂದು ತಾವು ಅಂದಿನಿಂದಲೂ ಹೇಳುತ್ತಾ ಬಂದಿದ್ದೀರಿ, ಅದನ್ನು ನಾನು ಗೌರವಿಸುತ್ತೇನೆ. ಹೀಗಾಗಿ ಆ ಮೂರು ದೇಶಗಳನ್ನು ಅವು ನಮ್ಮಲ್ಲಿ ಉಂಡ ರೀತಿಯಿಂದಷ್ಟೇ ನಾನು ಬಲ್ಲೆ. ಮೊದಲನೆಯದು ರೊಕೋತೊ ತಿಂದು ಅತ್ತ ದೇಶ. ನಮ್ಮ ರೊಕೋತೊ ಮೆಣಸಿನಕಾಯಿ ನೋಡಲು ಟೊಮೇಟೊದಷ್ಟು ಸಾಧು, ಒಳಗೆ ಬೆಂಕಿ. ಆ ಮಹನೀಯರು ಇಡೀ ಕಾಯನ್ನು ಬಾಯಿಗೆ ಹಾಕಿಕೊಂಡು ತಮ್ಮದೇ ರಾಯಭಾರಿಯ ಹೆಗಲ ಮೇಲೆ ಗಳಗಳನೆ ಅತ್ತರು. ಎರಡನೆಯದು ಚಿಚಾ ಮುಟ್ಟದ ದೇಶ. ಕುಡಿಯುವ ನೀರನ್ನು ಅದು ತನ್ನ ಊರಿನಿಂದಲೇ ತಂದಿತ್ತು, ಕೆಂಪು ಗೆರೆಯೂ ಅದರದೇ. ಮೂರನೆಯದು ಮೂರು ತಟ್ಟೆ ಉಂಡ ದೇಶ. ಆ ದೇಶದವರು ಬೆರಳು ಚೀಪಿಕೊಂಡು ಅಡುಗೆಮನೆಯ ತನಕ ಬಂದು ನನಗೆ ಕೈಕುಲುಕಿ ಹೋದರು. ನೀಲಿ ಗೆರೆ ಅವರದು. ಇದಕ್ಕಿಂತ ಸ್ಪಷ್ಟವಾಗಿ ದೇವರು ಇನ್ನು ಹೇಗೆ ಹೇಳಬೇಕು ಎಂದು ನಾನು ತಮ್ಮನ್ನು ಕೇಳಿದಾಗ ತಾವು ಎಂದಿನಂತೆ ಮರ್ಯಾದೆಯಿಂದಲೇ ಕರೆದು, "ದೋನ್ಯಾ, ಹಸಿವು ನೋಡಿ ವಿಮಾನ ಆರ್ಸೋಕಾಗತ್ತಾ?" ಎಂದು ನಕ್ಕಿರಿ. "ಮತ್ತೇನ್ ನೋಡಿ ಆರ್ಸ್ತೀರಾ?" ಎಂದೆ. ಅದಕ್ಕೆ ತಾವು ಇನ್ನೊಂದು ಬ್ರೆಡ್ಡು ಕೇಳಿದಿರಿ.

ಬಡಿಸುತ್ತಾ ಕಿವಿಗೆ ಬಿದ್ದದ್ದರಿಂದ ಈಗ ನನಗೂ ಅಲ್ಪಸ್ವಲ್ಪ ತಿಳಿದಿದೆ. ತಮ್ಮ ವಿಧಾನವನ್ನು ಎಷ್ಟು ಹೊಗಳಿದರೂ ಸಾಲದು. ಮೊದಲು ಒಂದು ಇಂಜಿನ್ ಇದ್ದರೆ ಸಾಕು ಎಂದಿರಿ. ನೆರೆದೇಶ ಎರಡು ಇಂಜಿನ್ನಿನದು ಕೊಳ್ಳುತ್ತದೆಂಬ ಸುದ್ದಿ ಬಂದ ಮರುದಿನ, ಎರಡಿಲ್ಲದೆ ಮರ್ಯಾದೆಯೇ ಇಲ್ಲ ಎಂದಿರಿ. ನೆರೆದೇಶ ಇನ್ನೂ ಏನೂ ಕೊಂಡಿಲ್ಲ, ಅಲ್ಲಿನ ಸಮಿತಿಯೂ ಪಂಪಾ ಬ್ಲಾಂಕಾದವರು ಏನು ಮಾಡುತ್ತಾರೆ ನೋಡೋಣವೆಂದು ಕಾಯುತ್ತಾ ಕುಳಿತಿದೆ ಎಂದು ತಿಳಿದಾಗ ಮತ್ತೆ ಒಂದಕ್ಕೆ ಇಳಿದಿರಿ. ಹೊಸ ರಾಷ್ಟ್ರಾಧ್ಯಕ್ಷರ ಭಾವಚಿತ್ರಕ್ಕೆ ಚೌಕಟ್ಟು ಹಾಕಿಸುವಷ್ಟರಲ್ಲಿ ಅವರು ಮಾಜಿಯಾಗಿರುವ ದೇಶ ನಮ್ಮದು. ಬಂದ ಬಂದವರಿಗೆಲ್ಲ ವಿಮಾನಕ್ಕೆ ರೆಕ್ಕೆ ಎರಡು ಎಂಬಲ್ಲಿಂದ ವಿವರಿಸಬೇಕಾದ ತಮ್ಮ ಕಷ್ಟ ನನಗೆ ಅರ್ಥವಾಗುತ್ತದೆ. ಇನ್ನು, ವಿಮಾನ ಮಾರುವವರು ಅದರ ಜೊತೆಗೆ ದೇಶಕ್ಕೆ ಉಪಯೋಗವಾಗುವ ಬೇರೆ ಏನಾದರೂ ಕೊಡಬೇಕಂತೆ. ಒಬ್ಬರು ರೈಲುಬೋಗಿ ಕೊಡುತ್ತೇವೆಂದರು, ಒಬ್ಬರು ಆಸ್ಪತ್ರೆಯಿರುವ ಹಡಗು ಎಂದರು, ರೊಕೋತೊ ತಿಂದು ಅತ್ತ ದೇಶದವರು ಚೀಸ್ ಕಾರ್ಖಾನೆ ಎಂದರು. ಅಲ್ಲಿಂದ ಮೂರು ವರ್ಷ ಮೂಲೆಯ ಮೇಜಿನಲ್ಲಿ ವಿಮಾನದ ಮಾತನ್ನು ಯಾರೂ ಎತ್ತಿದ್ದು ನಾನು ಕೇಳಲಿಲ್ಲ. ಒಂದು ದಿನ ತಾವೇ ಚೀಸಿನ ತುಂಡೊಂದನ್ನು ನನ್ನ ಕೈಗಿಟ್ಟು, "ಹೆಂಗಿದೆ ಹೇಳಿ ದೋನ್ಯಾ" ಎಂದಿರಿ; ನಾನು "ಉಪ್ಪು ಕಮ್ಮಿ" ಎಂದೆ. ಆ ಮಾತು ಕಡತದಲ್ಲಿ ತಜ್ಞರ ಆಕ್ಷೇಪಣೆಯಾಗಿ ನಮೂದಾಯಿತು. ಅದನ್ನು ಪರಿಶೀಲಿಸಲೆಂದು ಇಬ್ಬರು ಕರ್ನಲ್ಲರು ಆ ದೇಶಕ್ಕೆ ಹೋಗಿ ಎಂಟು ತಿಂಗಳು ಇದ್ದು, ಅಂಗಿಯ ಗುಂಡಿ ಹಾಕಲಾರದಷ್ಟು ದಪ್ಪಗಾಗಿ ಬಂದರು. ಮಗಳ ಮಹಡಿ ಎಂಟು ತಿಂಗಳು ಮುಂದಕ್ಕೆ ಹೋದದ್ದು ನನ್ನದೇ ನಾಲಿಗೆಯಿಂದ ಎಂಬುದನ್ನು ನಾನು ಮನೆಯಲ್ಲಿ ಇನ್ನೂ ಹೇಳಿಲ್ಲ.

ಈ ಜೂನ್ ತಿಂಗಳಲ್ಲಿ ನೆಲಿದಾ ಆ ಪರದೆಯನ್ನು ಬಿಚ್ಚಿ ಮಡಚಿಟ್ಟಳು. "ಅಮ್ಮಾ, ಆಗಸ್ಟ್ ಹದಿನೈದರ ಒಳಗೆ ತಾರಸಿ ಹಾಕ್ಲಿಲ್ಲ ಅಂದ್ರೆ ನಾವು ಕಮಾನಾ ಊರಿಗೆ, ಅತ್ತೆ ಮನೆಗೆ ಹೊರಟ್ವಿ. ನಿನ್ ಮೇಲೆ ಕೋಪ ಇಲ್ಲ. ಆದ್ರೆ ಮಗು ಹತ್ರ ಮನೆ ಚಿತ್ರ ಬಿಡ್ಸು ಅಂದ್ರೆ ಮೆಟ್ಲೊಂದೇ ಬಿಡಿಸ್ತಾಳೆ ಕಣಮ್ಮಾ" ಎಂದಳು. ಆ ಅತ್ತೆಯನ್ನು ನಾನು ಬಲ್ಲೆ, ಸಾರಿಗೆ ಪೊಟ್ಟಣದ ಪುಡಿ ಹಾಕುವ ಹೆಂಗಸು. ನನ್ನ ಮೊಮ್ಮಗಳು ಆ ಸಾರು ತಿಂದು ಬೆಳೆಯಬೇಕೇ? ಬೆಳಗ್ಗೆ ಎದ್ದರೆ ಆ ಮಗುವಿನ ಧ್ವನಿ ಕೇಳದ ಮನೆಯಲ್ಲಿ ನಾನು ಯಾರಿಗೆಂದು ಒಲೆ ಹೊತ್ತಿಸಲಿ? ಜನರಲ್ಲರೇ, ಅಂದು ನನಗೆ ಅಳು ಬಂತು. ಈರುಳ್ಳಿ ಹೆಚ್ಚುತ್ತಿದ್ದೆ ಎಂದು ಸುಳ್ಳು ಹೇಳುವುದಿಲ್ಲ.

ಇಂಥ ಹೊತ್ತಿನಲ್ಲಿ ದೇವರು ತಮ್ಮ ಸಮಿತಿಯ ರೂಪದಲ್ಲಿ ಬಂದ. ನಮ್ಮಲ್ಲಿ ಬೆಂಕಿ ಆರಿಸುವ ಲಾರಿಯಿಂದ ಹಿಡಿದು ಶಾಲೆಯ ಗಂಟೆಯ ತನಕ ಯಾವುದೇ ಹೊಸ ವಸ್ತುವಿಗೂ ಹಸುಗೂಸಿನ ಜ್ಞಾನಸ್ನಾನದಲ್ಲಿ ಆಗುವಂತೆ ಜ್ಞಾನತಂದೆ, ಜ್ಞಾನತಾಯಿ ಗೊತ್ತಾಗಿ, ಪಾದ್ರಿಗಳು ಪವಿತ್ರ ಜಲ ಚಿಮುಕಿಸಿ, ಬಾಟಲಿ ಒಡೆದು, ಎಲ್ಲರೂ ಸಹಿ ಹಾಕಿದ ಮೇಲೆಯೇ ಅದು ರಿಜಿಸ್ಟರಿಗೆ ಏರುವುದು. ಏರಿದ ಮೇಲೆ ಅದನ್ನು ಇಳಿಸುವವರು ಇನ್ನೂ ಹುಟ್ಟಿಲ್ಲ. ವಿಮಾನ ಆರಿಸುವುದು ಕಷ್ಟವೆಂದು ಕಂಡ ತಾವು, ಸುಲಭವಾದದ್ದನ್ನಾದರೂ ಮುಗಿಸೋಣವೆಂದು ಅದರ ಜ್ಞಾನತಂದೆ, ಜ್ಞಾನತಾಯಿ, ಪಾದ್ರಿ, ಬ್ಯಾಂಡು, ಹೆಸರು ಎಲ್ಲವನ್ನೂ ಆರಿಸಿ ಮುಗಿಸಿದ್ದಿರಿ. ಜ್ಞಾನತಾಯಿಯಾದ ಮಂತ್ರಿಗಳ ಅತ್ತೆಯವರು ಜುಲೈನಲ್ಲಿ ಒಂದು ದಿನ ಬಿಡುವಾಗಿದ್ದೇನೆ ಎಂದದ್ದೇ ತಡ, ರಿಹರ್ಸಲ್ ಗೊತ್ತಾಯಿತು. ರಿಹರ್ಸಲ್ಲಿಗೆ ತಳ್ಳಿದರೆ ಉರುಳುವಂಥ ಹಳೆಯ ವಿಮಾನ ನೆಲೆಯಲ್ಲಿ ಒಂದೂ ಇರಲಿಲ್ಲ. ಗೇಟಿನ ಬಳಿ ವಿಲ್ಬರ್‌ನ ಆಟೋ ನಿಂತಿತ್ತು. "ಅರ್ಧ ಗಂಟೆ ಕೊಡಪ್ಪಾ, ದೇಶದ ಕೆಲಸ" ಎಂದು ತಾವು ಕೇಳಿದಿರಿ. "ತಗೊಳ್ಳಿ ಸರ್, ಹಾರ್ಸೋ ಹಾಗಿದ್ರೆ ಮಾತ್ರ ಪೆಟ್ರೋಲ್ ಹಾಕಿಸ್ಕೊಳ್ಳಿ" ಎಂದು ಅವನು ಕೀಲಿ ಕೊಟ್ಟ.

ಬಾವುಟ ಹೊದಿಸಿದ ಆಟೋ ಬ್ಯಾಂಡಿನ ಹಿಂದೆ ಗಂಭೀರವಾಗಿ ರನ್‌ವೇ ಮೇಲೆ ಬಂದದ್ದನ್ನು ನಾನು ಬೇಲಿಯಾಚೆ ನಿಂತು ನೋಡಿದೆ. ಎಂಬತ್ತೆರಡು ವರ್ಷದ ಫಾದರ್ ಕಸಿಮಿರೊ ಅವರಿಗೆ ಇದು ಬರೀ ರಿಹರ್ಸಲ್ ಎಂದು ತಿಳಿಸುವ ಕೆಲಸವನ್ನು ಪ್ರತಿಯೊಬ್ಬ ಅಧಿಕಾರಿಯೂ ಇನ್ನೊಬ್ಬರಿಗೆ ಬಿಟ್ಟಿದ್ದರು. ಫಾದರ್ ಒಂದಕ್ಷರ ಬಿಡದೆ ಪ್ರಾರ್ಥನೆ ಹೇಳಿ, ನೀರು ಚಿಮುಕಿಸಿ, ಅದಕ್ಕೆ 'ಆಂಡಿಸ್ ಹದ್ದು' ಎಂದು ಹೆಸರಿಟ್ಟರು. ಮಂತ್ರಿಗಳ ಅತ್ತೆಯವರು ಮಡ್‌ಗಾರ್ಡಿಗೆ ಬಾಟಲಿ ಒಡೆದರು. ಎಲ್ಲರೂ ಸಾಲಾಗಿ ಸಹಿ ಹಾಕಿದರು. ತಮ್ಮ ಸಹಿ ಎಲ್ಲರಿಗಿಂತ ಉದ್ದವಿತ್ತು. ಆಮೇಲೆ ಎಡವಟ್ಟು ಗೊತ್ತಾಗಿ ತಾವು ಓಡಿಬಂದಾಗ ಫಾದರ್ ಹೇಳಿದ ಮಾತು ಬೇಲಿಯ ತನಕ ಕೇಳಿಸಿತು: "ನಂಗೇನ್ರಪ್ಪಾ ಗೊತ್ತು? ನೀರು ಹಾಕಿ ಅಂದ್ರಿ, ಹಾಕ್ದೆ. ಹಾಕಿದ್ ನೀರು ವಾಪಸ್ ತಗೊಳ್ಳೋ ಪ್ರಾರ್ಥನೆ ನಮ್ ಪುಸ್ತಕದಲ್ಲಿಲ್ಲ."

ಸಹಿಯಾದ ಕಾಗದ ಉಗ್ರಾಣಕ್ಕೆ ಹೋಯಿತು, ಉಗ್ರಾಣದ ಗುಮಾಸ್ತರು "ಹೊಸ ಯುದ್ಧವಿಮಾನ, ಒಂದು" ಎಂದು ರಿಜಿಸ್ಟರಿಗೆ ಏರಿಸಿದರು. ಹನ್ನೊಂದು ವರ್ಷ ಇದಕ್ಕಾಗಿಯೇ ಕಾದಿದ್ದ ಇಂಜಿನಿಯರ್ ಯೆರೇನಾ ಮರುದಿನವೇ ಟೇಪು ಹಿಡಿದು ಬಂದು ನನ್ನ ಅಳಿಯನ ಆಟೋವನ್ನು ಅಳೆದರು. ಎತ್ತರ: ಒಂದು ಮೀಟರ್ ಎಪ್ಪತ್ತು. ಇಳಿಯಲು ಬೇಕಾದ ಜಾಗ: ಮೀನು ಮಾರುಕಟ್ಟೆಯ ಓಣಿ ಸಾಕು. ಹಾರಾಟ: ರಸ್ತೆಯಲ್ಲಿ ಗುಂಡಿ ಬಂದಾಗ ಮಾತ್ರ. ಹೀಗೆ ನಮೂನೆಯನ್ನು ಭರ್ತಿ ಮಾಡಿ, ಎದುರಿನ ಮನೆಯವರು ಮಹಡಿ ಕಟ್ಟಲು ಆಕ್ಷೇಪಣೆ ಇಲ್ಲವೆಂದು ಮುದ್ರೆ ಒತ್ತಿ ನನ್ನ ಕೈಗಿಟ್ಟರು. "ಇದ್ರಿಂದ ನಿಮ್ ಕೆಲಸಕ್ಕೇನೂ ಕುತ್ತಿಲ್ವಾ?" ಎಂದು ನಾನು ಹೆದರಿ ಕೇಳಿದೆ. "ನಾನೇನು ಸುಳ್ಳು ಬರ್ದಿಲ್ಲ ದೊಡ್ಡಮ್ಮಾ. ರಿಜಿಸ್ಟರಲ್ಲಿ ಏನಿದ್ಯೋ ಅದನ್ನ ಅಳ್ದಿದೀನಿ ಅಷ್ಟೇ. ಹೋಗಿ, ಸೆಂಟ್ರಿಂಗ್ ಹೊಡೆಸಿ" ಎಂದರು. ಆ ಮನುಷ್ಯನಿಗೆ ಜೀವವಿರುವ ತನಕ ನಮ್ಮಲ್ಲಿ ಸಾರು ಪುಕ್ಕಟೆ.

ಈಗ ತಮ್ಮ ನೋಟೀಸಿನ ವಿಷಯ. ಕೆಲಸ ನಿಲ್ಲಿಸಬೇಕೆಂಬ ತಮ್ಮ ಅಪ್ಪಣೆಯನ್ನು ಶಿರಸಾವಹಿಸಿ ಪಾಲಿಸಬಹುದಿತ್ತು. ಆದರೆ ನೋಟೀಸು ಬಂದದ್ದು ಸೋಮವಾರ, ತಾರಸಿ ಹಾಕಿದ್ದು ಅದರ ಹಿಂದಿನ ದಿನ, ಭಾನುವಾರ. ಬೆಳಗ್ಗೆ ಆರಕ್ಕೆ ಇಡೀ ಬೀದಿ ಸಾಲುಗಟ್ಟಿ ನಿಂತಿತು, ಬಾಂಡ್ಲಿಗಳು ಕೈಯಿಂದ ಕೈಗೆ ಏರಿದವು. ರಜೆಯಲ್ಲಿದ್ದ ತಮ್ಮ ಹನ್ನೆರಡು ಸಿಪಾಯಿಗಳು ಅಂಗಿ ಬಿಚ್ಚಿಟ್ಟು ಕಾಂಕ್ರೀಟು ಹೊತ್ತರು. ತಮ್ಮ ಕಾರಿನ ಚಾಲಕರು ಕೆಳಗೆ ನಿಂತು, "ಬೇಗ ಬೇಗ ಹಾಕ್ರೋ, ನಮ್ ಸಾಹೇಬ್ರು ಏಳೋದ್ರೊಳಗೆ ಮುಗೀಬೇಕು" ಎಂದು ಹುರಿದುಂಬಿಸಿದರು. ಚಿಚಾ ಎರಡು ಹರವಿ ಖಾಲಿಯಾಯಿತು. ಸಂಜೆ ಒದ್ದೆ ಕಾಂಕ್ರೀಟಿನ ಅಂಚಿನಲ್ಲಿ ನೆಲಿದಾ ಮಗುವಿನ ಅಂಗೈ ಒತ್ತಿಸಿದಳು, ಆಮೇಲೆ ನನ್ನದನ್ನೂ ಎಳೆದು ಒತ್ತಿಸಿದಳು. ನಾನು ಎಲ್ಲರೆದುರಿಗೇ ಜೋರಾಗಿ ಅತ್ತೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಬೇಡಿಕೆ ಇಷ್ಟು. ನಮ್ಮ ತಾರಸಿ ನೆಲದಿಂದ ಆರು ಮೀಟರ್ ನಲವತ್ತು ಎತ್ತರದಲ್ಲಿದೆ, ದಿನಕ್ಕೆ ಮೂರು ಸಲ ನೀರು ಕುಡಿದು ಗಟ್ಟಿಯಾಗುತ್ತಿದೆ, ಇನ್ನು ಅದು ತಗ್ಗುವ ಮಾತಿಲ್ಲ. ಮುಂದೆ ಯಾವ ದೇಶ ಮಾರಲು ಬಂದರೂ ತಾವು ವೇಗ, ಕ್ಷಿಪಣಿ, ಚೀಸು ಮುಂತಾದವನ್ನು ವಿಚಾರಿಸುವ ಮೊದಲು ಈ ಅಳತೆಯನ್ನು ಹೇಳಬೇಕು. ನಮ್ಮ ಮನೆ ಕಂಡ ಕೂಡಲೇ ಮೂತಿ ಎತ್ತಿ ಎಡಕ್ಕೆ ಹೊರಳುವ, ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಬಟ್ಟಲಿನ ಸಾರು ತುಳುಕದಂತೆ ಮೆಲ್ಲಗೆ ಗುಡುಗುವ, ಮಗು ಮಲಗಿದ್ದರೆ ಇಂಜಿನ್ ಆರಿಸಿ ತೇಲುತ್ತಾ ಬರುವ ವಿಮಾನ ಜಗತ್ತಿನಲ್ಲಿ ಎಲ್ಲಾದರೂ ಇದ್ದೇ ಇರುತ್ತದೆ; ತಮ್ಮಂಥ ಸಮಿತಿಗೆ ಅದು ಸಿಗದೆ ಹೋಗದು. ಹನ್ನೊಂದು ವರ್ಷ ಒಂದು ಸಂಸಾರ ತಮ್ಮ ವಿಮಾನಕ್ಕಾಗಿ ತಲೆ ಬಗ್ಗಿಸಿ ಬದುಕಿತು. ಇನ್ನು ಮೇಲೆ ನನ್ನ ಮಗಳ ಮಹಡಿಗೆ ಹೊಂದುವ ವಿಮಾನವನ್ನು ದೇಶ ಹುಡುಕಿಕೊಳ್ಳಲಿ.

ಇಷ್ಟಾದರೂ, ಶುಕ್ರವಾರ ತಾವು ಬಂದರೆ ಬಡಿಸುವುದನ್ನು ಬಿಡದ,
ತಮ್ಮ ವಿಶ್ವಾಸಿ,
ಹೆರ್ಮೆಲಿಂದಾ ಸೆಗಾರ್ರಾ

ಮರೆತ ಮಾತು: ತಾರಸಿಯ ನಾಲ್ಕು ಮೂಲೆಯಲ್ಲೂ ಕಂಬಿಗಳನ್ನು ಕತ್ತರಿಸದೆ ಮೇಲಕ್ಕೆ ಹಾಗೆಯೇ ಬಿಟ್ಟಿದ್ದೇವೆ, ಅದು ಬ್ರಿಸೇಯ್ದಾಳ ಮಹಡಿಗೆ. ಅವಳ ಮದುವೆಗೆ ಇನ್ನೂ ಇಪ್ಪತ್ತು ವರ್ಷವಿದೆ. ವಿಮಾನ ಆರಿಸಲು ತಮಗೆ ಅಷ್ಟು ಸಮಯ ಸಾಲದೆಂದು ಅನ್ನಿಸಿದರೆ ದಯವಿಟ್ಟು ಈಗಲೇ ಒಂದು ಮಾತು ತಿಳಿಸಿ, ಹುಡುಗನ ಕಡೆಯವರಿಗೆ ಮೊದಲೇ ಹೇಳಿಬಿಡುತ್ತೇನೆ.