ಬಾಬುಲಾಲನ ಬಂಡಾಯ

ಸುಭಾಸ ಸಾಹೇಬರು "ಶಿಸ್ತು" ಎಂದು ಬಾಯಿ ತೆರೆದಿದ್ದರು, ಅಷ್ಟೇ. ಬಾಬುಲಾಲನ ಲ್ಯಾಪ್‌ಟಾಪು ಗುರ್ರ್ ಎಂದು ಸದ್ದು ಮಾಡಿ ಕಣ್ಣು ಮುಚ್ಚಿತು. ಸಾಹೇಬರ ದುಂಡು ಮುಖವಿದ್ದ ಜಾಗದಲ್ಲಿ ಈಗ ಬಾಬುಲಾಲನ ಸ್ವಂತ ಮುಖವೇ ಕಪ್ಪಗೆ ಕಾಣಿಸಿತು. ಆ ಮುಖದ ಬಾಯಿಯೂ ತೆರೆದೇ ಇತ್ತು.

ಭೀಮಾತೀರ ಬೀಜ ಉತ್ಪಾದಕರ ಸಂಘದ ಮುಖ್ಯ ಕಚೇರಿ ಇಂಡಿಯಲ್ಲಿ. ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ಅದರ ಶಾಖೆಗಳು. ತೊಗರಿ, ಜೋಳದ ಬೀಜ ಮಾರುವುದು ಸಂಘದ ಕೆಲಸ. ಪ್ರತಿ ಸೋಮವಾರ ಎಲ್ಲ ಶಾಖೆಯವರನ್ನೂ ಲ್ಯಾಪ್‌ಟಾಪಿನೊಳಗೆ ಕೂಡಿಸಿ ಬೆಳಗಿನಿಂದ ಸಂಜೆಯತನಕ ಬೈಯುವುದು ಕಾರ್ಯದರ್ಶಿ ಸುಭಾಸ ಸಾಹೇಬರ ಕೆಲಸ. ಎರಡರಲ್ಲಿ ಎರಡನೆಯದೇ ಹೆಚ್ಚು ಚೊಕ್ಕವಾಗಿ ನಡೆಯುತ್ತಿತ್ತು. ಬಾಬುಲಾಲ ಬಾಗೇವಾಡಿ ಶಾಖೆ ನೋಡಿಕೊಳ್ಳುವವನು. ಕೆಲವು ವಾರಗಳಿಂದ ಅವನ ಲ್ಯಾಪ್‌ಟಾಪು, ಸಾಹೇಬರು ಬಿಸಿಯೇರುವ ಹೊತ್ತಿಗೆ ಸರಿಯಾಗಿ ತಾನೂ ಬಿಸಿಯೇರಿ ಬಂದ್ ಬೀಳುತ್ತಿತ್ತು.

ಯಂತ್ರ ತಾನಾಗಿ ಬಂದ್ ಬೀಳುತ್ತದೆ ಎಂಬುದನ್ನು ಸಾಹೇಬರು ನಂಬುವವರಲ್ಲ. ಜಗತ್ತಿನಲ್ಲಿ ಏನೇ ಕೆಟ್ಟರೂ ಅದರ ಹಿಂದೆ ಯಾರದೋ ಸೊಕ್ಕು ಇರುತ್ತದೆ ಎಂಬುದು ಅವರ ಸಿದ್ಧಾಂತ. ಕೂಡಲೇ ಫೋನು ಬಂತು.

"ನಾ ಮಾತಾಡಾಕತ್ತಾಗ ಕಟ್ ಮಾಡ್ತಿ ಅಂದ್ರ ನಿನ್ನ ಸೊಕ್ಕು ಎಷ್ಟಿರಬೇಕಲೇ ಬಾಬುಲಾಲ. ಮಧ್ಯಾಹ್ನ ಮತ್ತ ಮೀಟಿಂಗ್ ಕರದೇನಿ. ಇನ್ನೊಮ್ಮೆ ನಡುವ ಕಟ್ ಆತಂದ್ರ ಸೀದಾ ಇಂಡಿಗೆ ಬದ್ಲಿ."

ಬದ್ಲಿ, ಅಂದರೆ ವರ್ಗಾವಣೆ, ಎಂದ ಕೂಡಲೇ ಬಾಬುಲಾಲನಿಗೆ ಮನೆ ನೆನಪಾಯಿತು. ಹೆಂಡತಿ ಖಾತುನಬಿಯ ಹೊಲಿಗೆ ಮಷಿನ್ನಿಗೆ ಈಗಷ್ಟೇ ಗಿರಾಕಿ ಕುದುರಿತ್ತು. ಮಗಳು ಇರಮ ಹತ್ತನೆಯ ತರಗತಿ. ರಾತ್ರಿ ಊಟವಾದ ಮೇಲೆ ಅಪ್ಪ ಪಕ್ಕದಲ್ಲಿ ಕೂತರೇ ಅವಳಿಗೆ ಲೆಕ್ಕ ತಲೆಗೆ ಹತ್ತುವುದು. ಇಂಡಿಗೆ ಹೋಗುವುದೆಂದರೆ ವಿಜಯಪುರಕ್ಕೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು ಬಸ್ಸು. ರವಿವಾರಕ್ಕೊಮ್ಮೆ ಮನೆಗೆ ಬಂದು ಹೋಗುವ ನೆಂಟನಾಗಬೇಕು. ಅವನಿಗೆ ಅದು ಬೇಡವೇ ಬೇಡ.

ಸೊಕ್ಕಿನ ವಿಷಯಕ್ಕೆ ಬಂದರೆ, ಬಾಬುಲಾಲನಿಗೆ ಅದು ಸಾಲ ಕೇಳಿದರೂ ಸಿಗದ ವಸ್ತು. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತಿದ್ದ. ಒಳಗೆ ಬಂದಾಗ ಅದರ ಮೇಲೆ ಬೇರೆ ಯಾರಾದರೂ ಕೂತಿದ್ದರೆ, ಟವೆಲ್ ಅವರಿಗೆ ಚುಚ್ಚಿತೇನೋ ಎಂದು ತಾನೇ ಮಾಫಿ ಕೇಳುತ್ತಿದ್ದ. ಅಂಥವನು ಈಗ ನಾಲ್ಕೂ ತಾಲೂಕಿನಲ್ಲಿ ಬಂಡಾಯಗಾರನೆಂದು ಹೆಸರಾಗಿದ್ದ.

ಮುದ್ದೇಬಿಹಾಳ ಶಾಖೆಯ ರಾಚಪ್ಪ ಫೋನು ಮಾಡಿದ. ಇಡೀ ಸಂಘದಲ್ಲಿ ಗಂಡಸು ಎಂದರೆ ನೀವೊಬ್ಬರೇ, ಸಾಹೇಬರ ಮುಖಕ್ಕೆ ಪರದೆ ಎಳೆಯುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ ಎಂದ. ಲ್ಯಾಪ್‌ಟಾಪು ತಾನಾಗಿ ಬಂದ್ ಬೀಳುತ್ತದೆ ಎಂದು ಬಾಬುಲಾಲ ಅಲ್ಲಾನ ಆಣೆ ಹಾಕಿದ. ರಾಚಪ್ಪ ಬಹಳ ಹೊತ್ತು ನಕ್ಕ. "ಹೌದ್ಹೌದ್ರಿ, ಹಂಗ ಹೇಳಕೋತ ಇರ್ರಿ. ನಾವು ಎಲ್ಲೂ ಬಾಯಿ ಬಿಡೂದಿಲ್ಲ" ಎಂದು ಫೋನಿಟ್ಟ.

ಮಧ್ಯಾಹ್ನದೊಳಗೆ ಲ್ಯಾಪ್‌ಟಾಪು ಸರಿಯಾಗಬೇಕಿತ್ತು. ಉಗ್ರಾಣ ನೋಡುವ ಶಂಕರೆಪ್ಪ ಕಾಕಾ ಮೊದಲು ಕೈ ಹಾಕಿದರು. ಪಂಪ್‌ಸೆಟ್ಟು, ಎತ್ತು, ಮೋಟರ್ ಸೈಕಲ್ಲು, ಎಲ್ಲಕ್ಕೂ ಅವರಲ್ಲಿ ಒಂದೇ ಔಷಧ: ನೆರಳು ಮತ್ತು ನೀರು. ಕಾದ ಯಂತ್ರಕ್ಕೆ ತಂಪು ಬೇಕು ಎಂದು ಗೋಣಿಚೀಲವೊಂದನ್ನು ಬಕೆಟ್ಟಿನಲ್ಲಿ ಅದ್ದಿ, ಹಿಂಡಿ, ಇನ್ನೇನು ಲ್ಯಾಪ್‌ಟಾಪಿಗೆ ಸುತ್ತಬೇಕು ಎನ್ನುವಷ್ಟರಲ್ಲಿ ಲೆಕ್ಕಪತ್ರದ ವಿಜಯಲಕ್ಷ್ಮಿ ಓಡಿ ಬಂದು ಕಸಿದುಕೊಂಡಳು. ಕಸಿದುಕೊಂಡವಳು ಸುಮ್ಮನಿದ್ದಳೇ? ಇದು ನೆದರಿನ ಕಾಟ, ಸಿಂದಗಿಯವರ ಕಣ್ಣು ಬಿದ್ದಿದೆ ಎಂದು ಉಪ್ಪು ಮೆಣಸಿನಕಾಯಿ ಇಳಿತೆಗೆದು ಬೆಂಕಿಗೆ ಹಾಕಿದಳು. ಮೆಣಸಿನಕಾಯಿಯ ಘಾಟಿಗೆ ಬೀಜ ಒಯ್ಯಲು ಬಂದಿದ್ದ ಇಬ್ಬರು ರೈತರು ಕೆಮ್ಮುತ್ತ ಹೊರಗೆ ಓಡಿದರು. ಲ್ಯಾಪ್‌ಟಾಪು ಮಾತ್ರ ಕೆಮ್ಮಲಿಲ್ಲ, ಏಳಲೂ ಇಲ್ಲ.

ಬಾಬುಲಾಲ ಅದನ್ನು ಕಂಕುಳಲ್ಲಿ ಇರುಕಿಕೊಂಡು ಬಸ್‌ಸ್ಟ್ಯಾಂಡಿನ ಪಕ್ಕದ ತಬ್ರೇಜನ ಅಂಗಡಿಗೆ ನಡೆದ. ಮೊಬೈಲು, ಮಿಕ್ಸರು, ಲ್ಯಾಪ್‌ಟಾಪು, ಏನೇ ತಂದರೂ ತಬ್ರೇಜ ಮೊದಲು ರಿಪೇರಿ ಮಾಡುವುದು ತಂದವರ ಬುದ್ಧಿಯನ್ನು. ಆದರೆ ಇಂದು ಅವನು ಬಾಬುಲಾಲನನ್ನು ನೋಡಿದವನೇ ಎದ್ದು ನಿಂತು ಸಲಾಮು ಮಾಡಿದ. ಇಂಡಿ ಕಚೇರಿಯ ಡ್ರೈವರ್ ದಿಲಾವರ ಇವನ ಚಿಕ್ಕಪ್ಪ. ಸುದ್ದಿ ಆಗಲೇ ಬಂದು ಮುಟ್ಟಿತ್ತು.

"ಇದನ್ನ ರಿಪೇರಿ ಮಾಡೂದು ಬ್ಯಾಡ್ರಿ ಬಾಬುಭಾಯ್. ರಿಪೇರಿ ಮಾಡಿದ್ರ ನಿಮ್ಮ ಹೋರಾಟದ ಗತಿ ಏನ್ರಿ?" ಎಂದ.

ಹೋರಾಟ ಹಾಳಾಗಿ ಹೋಗಲಿ, ಲ್ಯಾಪ್‌ಟಾಪು ಬಿಚ್ಚು ಎಂದು ಬಾಬುಲಾಲ ಬಹಳ ಹೊತ್ತು ಗೋಗರೆಯಬೇಕಾಯಿತು. ಒಲ್ಲದ ಮನಸ್ಸಿನಿಂದ ತಬ್ರೇಜ ಸ್ಕ್ರೂ ಬಿಚ್ಚಿದ. ಒಳಗೆ ನೋಡಿದರೆ ಪುಟ್ಟ ಫ್ಯಾನಿನ ಸುತ್ತ ಅರಿವೆಯ ನೂಲು, ಹತ್ತಿಯ ಎಳೆ, ತೊಗರಿಯ ಧೂಳು ಎಲ್ಲ ಸೇರಿ ಗುಬ್ಬಿ ಗೂಡು ಕಟ್ಟಿದ ಹಾಗಿತ್ತು. ಇದನ್ನು ಯಾವುದರ ಮೇಲೆ ಇಡುತ್ತೀರಿ ಎಂದು ತಬ್ರೇಜ ಕೇಳಿದ. ಬಾಬುಲಾಲ ಸಂಕೋಚದಿಂದ, ಕೌದಿಯ ಮೇಲೆ ಎಂದ.

ಆ ಕೌದಿ ಖಾತುನಬಿ ಹೊಲಿದದ್ದು. ಗಂಡನಿಗೆ ಲ್ಯಾಪ್‌ಟಾಪು ಕೊಟ್ಟ ದಿನವೇ ಹಳೆಯ ಸೀರೆ, ಇರಮಳ ಚಿಕ್ಕಂದಿನ ಲಂಗ ಕೂಡಿಸಿ, ಕೂಸಿಗೆ ಹೊಲಿದ ಹಾಗೆ ಪುಟ್ಟದೊಂದು ಕೌದಿ ಹೊಲಿದುಕೊಟ್ಟಿದ್ದಳು. ನಮ್ಮ ಕಡೆ ಮನೆಗೆ ಹೊಸದಾಗಿ ಬಂದದ್ದು ಕೂಸಾದರೂ ಅಷ್ಟೇ, ಯಂತ್ರವಾದರೂ ಅಷ್ಟೇ, ಬರೀ ನೆಲದ ಮೇಲೆ ಮಲಗಿಸುವುದಿಲ್ಲ. ಅಂದಿನಿಂದ ಅದು ಆ ಮೆತ್ತನೆಯ ಹಾಸಿಗೆಯಲ್ಲಿ ಹುದುಗಿಕೊಂಡೇ ಕೆಲಸ ಮಾಡಿತ್ತು.

"ಉಸಿರಾಡೂ ತೂತೆಲ್ಲಾ ಕೆಳಗ ಅದಾವ್ರಿ. ನೀವು ಮೂಗು ಒತ್ತಿ ಹಿಡದು ಓಡು ಅಂದ್ರ ಅದು ಹೆಂಗ ಓಡಬೇಕು" ಎಂದ ತಬ್ರೇಜ. ಬ್ಯಾಟರಿಯೂ ಕಾದು ಕಾದು ಬಸುರಿಯ ಹೊಟ್ಟೆಯ ಹಾಗೆ ಉಬ್ಬಿತ್ತು. ಅದನ್ನು ತೆಗೆದಿಟ್ಟು, ಫ್ಯಾನು ಒರೆಸಿ, ಹೊಸ ಬ್ಯಾಟರಿ ವಿಜಯಪುರದಿಂದ ಬರಬೇಕು, ಅಲ್ಲಿಯತನಕ ವಾಯರು ಚುಚ್ಚಿಯೇ ನಡೆಸಿ, ಇನ್ನು ಇದು ಕಾದು ಬಂದ್ ಬೀಳುವುದಿಲ್ಲ ಎಂದು ಹೇಳಿ ಕಳಿಸಿದ. ಬಾಬುಲಾಲನ ಹೊಟ್ಟೆಯಲ್ಲಿ ಹಾಲು ಹೊಯ್ದಂತಾಯಿತು. ಅಷ್ಟರಲ್ಲಿ ಖಾತುನಬಿ ಫೋನು ಮಾಡಿ ಏನಾಗಿತ್ತಂತೆ ಎಂದು ಕೇಳಿದಳು. ಒಳಗೆ ಧೂಳಿತ್ತು, ಕೌದಿ ಮಾತ್ರ ಬಹಳ ಚೊಲೋ ಐತಿ ಎಂದ. ಇಷ್ಟು ಸುಳ್ಳಿಗಿಂತ ದೊಡ್ಡ ಬಂಡಾಯ ಅವನಿಂದ ಆಗುವಂಥದಲ್ಲ.

ಕಚೇರಿಗೆ ಮರಳಿ, ಬರೀ ಟೇಬಲಿನ ಮೇಲೆ ಲ್ಯಾಪ್‌ಟಾಪು ಇಟ್ಟು, ವಾಯರು ಚುಚ್ಚಿ ಕೂತ. ಸರಿಯಾಯಿತೆಂದು ಕೇಳಿ ಸಂತೋಷಪಟ್ಟವರು ಯಾರೂ ಇಲ್ಲ. ಶಂಕರೆಪ್ಪ ಕಾಕಾ ಮುಖ ತಿರುವಿದರು. ವಿಜಯಲಕ್ಷ್ಮಿಯಂತೂ ನೇರವಾಗಿಯೇ ಹೇಳಿದಳು: ಬಾಬುಲಾಲ ಕಟ್ ಮಾಡಿದ ದಿನ ಸಾಹೇಬರು ಸಿಟ್ಟಿನಿಂದ ಮೀಟಿಂಗ್ ಅಲ್ಲಿಗೇ ಮುಗಿಸುತ್ತಿದ್ದರು, ತನಗೆ ದೇವರ ಹಿಪ್ಪರಗಿಯ ಬಸ್ಸು ಸಿಗುತ್ತಿತ್ತು. ಇನ್ನು ಮತ್ತೆ ಸೋಮವಾರಕ್ಕೊಮ್ಮೆ ಬಸ್ಸು ತಪ್ಪಿಸಿಕೊಂಡು ಕತ್ತಲಾಗುವತನಕ ಸ್ಟ್ಯಾಂಡಿನಲ್ಲಿ ಕೂರಬೇಕು. ಬಾಬುಲಾಲ ತಪ್ಪು ಮಾಡಿದವನಂತೆ ತಲೆ ತಗ್ಗಿಸಿದ.

ಮೀಟಿಂಗ್ ಶುರುವಾಯಿತು. ಸಾಹೇಬರು ಶಿಸ್ತು ಎಂದರು; ಲ್ಯಾಪ್‌ಟಾಪು ಉಸಿರೆತ್ತಲಿಲ್ಲ. ನಿಯತ್ತು ಎಂದರು, ಅದು ತಣ್ಣಗೇ ಇತ್ತು. ವಿಜಯಲಕ್ಷ್ಮಿಯ ಬಸ್ಸು ಹೋಯಿತು. ಪರದೆಯ ಮೇಲೆ ಬಾಬುಲಾಲನ ಮುಖವಿದ್ದ ಚೌಕ ಆರದೇ ಉಳಿದದ್ದು ಕಂಡು ಸಾಹೇಬರಿಗೆ ಹುರುಪು ಬಂತು.

"ಎಲ್ಲಾರೂ ನೋಡ್ರಿ ಇಂವನ್ನ. ಬದ್ಲಿ ಅಂದ ಕೂಡ್ಲೆ ಬಾಲಾ ಮಡಚಿಕೊಂಡು ಕುಂತಾನ. ಇಂಥಾವ್ರಿಗೆ ಹಿಂಗ ಬುದ್ಧಿ ಕಲಿಸಬೇಕು. ಆದ್ರೂ ನಿನ್ನ ಬಿಡೂದಿಲ್ಲ ಬಾಬುಲಾಲ. ಇಂಡಿಗೆ ಬಾ ಅಂತೇನಿ. ಏನಂತಿ?"

ನಾಲ್ಕು ಊರಿನ ಮುಖಗಳು ಪರದೆಯ ಚೌಕಗಳಲ್ಲಿ ಕಾಯುತ್ತಿದ್ದವು. ಬೆನ್ನ ಹಿಂದೆ ಶಂಕರೆಪ್ಪ ಕಾಕಾ, ವಿಜಯಲಕ್ಷ್ಮಿ ಬಂದು ನಿಂತಿದ್ದರು. ಮಾಡದ ತಪ್ಪಿಗೆ ಬೆಳಗಿನಿಂದ ಓಡಾಡಿದ್ದು, ಗೋಗರೆದದ್ದು, ಸರಿಮಾಡಿಸಿ ತಂದರೂ ಅದೇ ಶಿಕ್ಷೆ ಎಂಬುದು, ಎಲ್ಲ ಒಟ್ಟಿಗೆ ಬಾಬುಲಾಲನ ನೆತ್ತಿಗೇರಿತು. ಅವನಿಗೆ ಸಿಟ್ಟು ಬಂತು. ನಲವತ್ತು ದಾಟಿದ ಮೇಲೆ ಮೊದಲ ಸಲ ಬಂದ ಸಿಟ್ಟು, ಹಾಗಾಗಿ ಅದನ್ನು ಎಲ್ಲಿಂದ ಹಿಡಿಯಬೇಕೆಂದು ಅವನಿಗೆ ಗೊತ್ತಾಗಲಿಲ್ಲ.

ನಮ್ಮ ಕಡೆ ಮರ್ಯಾದಸ್ಥರು ಜಗಳ ತೆಗೆಯುವುದಕ್ಕೆ ಒಂದು ಪದ್ಧತಿಯಿದೆ. ಮೊದಲು ಎದುರಿನವನ ಮಾತನ್ನು ಪೂರ್ತಿ ಒಪ್ಪಿ, ಕೈಮುಗಿದು, ಅವನು ಮೈಮರೆತಾಗ "ಆದ್ರ" ಎಂದು ತಿರುಗಬೇಕು. ಬಾಬುಲಾಲನೂ ಕೈಮುಗಿದ.

"ಆತ್ರಿ ಸಾಹೇಬ್ರ. ನೀವು ದೊಡ್ಡವ್ರು. ನೀವು ಬಾ ಅಂದ್ರ ನಾಳೆನ ಗಂಟು ಕಟ್ಟಿಕೊಂಡು ಇಂಡಿಗೆ ಬರ್ತೇನಿ."

ಇಷ್ಟು ಹೇಳಿ, ಸಾಹೇಬರ ಮುಖ ನೋಡಿದರೆ ಧೈರ್ಯ ಇಳಿದೀತೆಂದು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಕುರ್ಚಿ ಹಿಂದೆ ಸರಿಯುವಂತೆ ಎದ್ದು ನಿಂತ.

"ಆದ್ರ ಒಂದ್ ಮಾತು ಕೇಳ್ರಿ. ನಾವು ಇಲ್ಲಿ ಬೀಜಾ ಮಾರಾಕ ಬಂದೇವಿ, ನಿಮ್ಮ ಕಡಿಂದ ಬೈಸಿಕೊಳ್ಳಾಕ ಬಂದಿಲ್ಲ. ವಾರಾ ವಾರಾ ಒಂದ್ ಹೆಣ್ಣಮಗಳಿಗೆ ಬಸ್ ತಪ್ಪಸ್ತೀರಿ, ನಿಮಗ ಅದರ ಖಬರ್ ಐತೇನು? ನನ್ನ ಲ್ಯಾಪ್‌ಟಾಪ್ ಬಂದ್ ಬೀಳತಿತ್ತು, ಖರೇ. ಅದಕ್ಕಾದ್ರೂ ಮಾನ ಇತ್ತು, ನಿಮ್ಮ ಮಾತು ಕೇಳಲಾರದ ಕಣ್ಣು ಮುಚ್ಚತಿತ್ತು. ಇಷ್ಟು ದಿನಾ ನಾವು ಕಣ್ಣು ಬಿಟ್ಟುಕೊಂಡು ಕೇಳೇವಿ, ಇನ್ನ ಕೇಳೂದಿಲ್ಲ. ನಾ ಬಾಗೇವಾಡಿ ಬಿಟ್ಟು ಎಲ್ಲೂ ಬರೂದಿಲ್ಲ. ಏನ್ ಮಾಡ್ಕೋತೀರಿ ಮಾಡ್ಕೋರಿ."

ಹಿಂದಿನಿಂದ ಚಪ್ಪಾಳೆ ಬಿತ್ತು. ವಿಜಯಲಕ್ಷ್ಮಿಯ ಕಣ್ಣಲ್ಲಿ ನೀರಿತ್ತು. ಬಾಬುಲಾಲ ಕಣ್ಣು ತೆರೆದ. ಪರದೆ ಕಪ್ಪಗಿತ್ತು. ಎದ್ದು ನಿಂತವನ ಬೆನ್ನಿನ ಮರೆಯಲ್ಲಿದ್ದ ಅದನ್ನು ಎಲ್ಲರೂ ಆಗಲೇ ನೋಡಿದ್ದು. ಶಂಕರೆಪ್ಪ ಕಾಕಾ ತೀರ್ಪು ಕೊಟ್ಟರು: "ಅಂಜಿ ಓಡಿಹೋದ ನೋಡು. ಇವತ್ತ ಅಂವನೇ ಕಟ್ ಮಾಡ್ಯಾನ."

ಮಿರ್ಚಿ ಭಜಿ ಬಂತು, ಚಹಾ ಬಂತು. ಬೀಜ ಒಯ್ಯಲು ಬಂದಿದ್ದ ರೈತರಿಗೂ ಹಂಚಿದರು. ಬಾಬುಲಾಲ ಮನೆಗೆ ಫೋನು ಮಾಡಿ ನಡೆದದ್ದನ್ನು ಹೇಳಿದ. ಖಾತುನಬಿ ಮೊದಲು ಹೆದರಿ, ಆಮೇಲೆ ನಕ್ಕು, ರಾತ್ರಿ ಬಿರ್ಯಾನಿ ಮಾಡುತ್ತೇನೆ ಎಂದಳು. ನೌಕರಿ ಹೋದರೂ ಹೋಗಲಿ, ಇಂದು ಎದೆ ಸೆಟೆಸಿ ಮನೆಗೆ ನಡೆಯಬಹುದು ಎಂದುಕೊಂಡ. ಭಜಿ ಅವನಿಗೆ ಎಂದೂ ಅಷ್ಟು ರುಚಿ ಎನಿಸಿರಲಿಲ್ಲ.

ಆಗ ಸಾಹೇಬರ ಫೋನು ಬಂತು. ಶಂಕರೆಪ್ಪ ಕಾಕಾ ಸ್ಪೀಕರ್ ಹಾಕು ಎಂದು ಕಣ್ಸನ್ನೆ ಮಾಡಿದರು. ಬಾಬುಲಾಲ ಹಾಕಿದ.

"ಬಾಬುಲಾಲ, ನಾ ನಿನ್ನ ತಪ್ಪು ತಿಳಕೊಂಡಿದ್ನೋ ತಮ್ಮಾ" ಎಂದರು ಸಾಹೇಬರು. ದನಿಯಲ್ಲಿ ಬೆಲ್ಲ ಕರಗಿತ್ತು. "ಎಲ್ಲಾರ ಮುಂದ ಕೈಮುಗದು ನಾಳೆನ ಬರ್ತೇನಿ ಅಂದಿ. ಅಷ್ಟು ಅಂದು, ಮಾತು ಬೆಳಸಲಾರದ ಸಭ್ಯಸ್ಥನಂಗ ಲ್ಯಾಪ್‌ಟಾಪ್ ಮುಚ್ಚಿ ಎದ್ದಿ. ರಾಚಪ್ಪಗೂ ಹೇಳೇನಿ, ಬಾಬುಲಾಲನ್ನ ನೋಡಿ ಕಲಿ ಅಂತ. ಆರ್ಡರ್ ಬರದು ಸಹಿ ಮಾಡೇನಿ."

ಶಂಕರೆಪ್ಪ ಕಾಕಾ ಮೆಲ್ಲಗೆ ಬಗ್ಗಿ ಟೇಬಲಿನ ಕೆಳಗೆ ನೋಡಿದರು. ವಾಯರಿನ ಪಿನ್ನು ಗೋಡೆಯಿಂದ ಕಿತ್ತು ನೆಲದ ಮೇಲೆ ಬಿದ್ದಿತ್ತು. ಬಾಬುಲಾಲ ಎದ್ದು ನಿಂತ ರಭಸಕ್ಕೆ ಅವನ ಕಾಲೇ ಅದನ್ನು ಎಳೆದಿತ್ತು. ಕಾಕಾ ಯಾರ ಮುಖವನ್ನೂ ನೋಡದೆ ಪಿನ್ನನ್ನು ಮತ್ತೆ ಚುಚ್ಚಿ, ತಮ್ಮ ಪಾಲಿನ ಭಜಿಯನ್ನು ತಟ್ಟೆಗೆ ಮರಳಿ ಇಟ್ಟರು.

"ಲ್ಯಾಪ್‌ಟಾಪ್ ಅಲ್ಲೇ ಬಿಟ್ಟು ಬಾ" ಎಂದರು ಸಾಹೇಬರು ಪ್ರೀತಿಯಿಂದ. "ಇಲ್ಲಿ ನನ್ನ ಟೇಬಲ್ ಎದುರಿಗೇ ನಿನಗ ಕುರ್ಚಿ ಹಾಕಿಸೇನಿ. ದಿನಾ ಎದುರಾ ಎದುರ ಮಾತಾಡೂಣು. ನಡುವ ಕಟ್ ಆಗೂ ತ್ರಾಸನ ಇಲ್ಲ."

ಬಾಬುಲಾಲ ಮತ್ತೆ ಎದ್ದು ನಿಂತ. ಈ ಸಲ ಕಣ್ಣು ಪೂರ್ತಿ ತೆರೆದಿದ್ದ, ಒಪ್ಪಿಗೆ ಗಿಪ್ಪಿಗೆ ಏನೂ ಹೇಳದೆ ನೇರವಾಗಿ ಶುರು ಮಾಡಿದ.

"ಆದ್ರ ಸಾಹೇಬ್ರ..."

ಸಾಹೇಬರು ಆಗಲೇ ಫೋನು ಕಟ್ ಮಾಡಿದ್ದರು.