ತಕ್ಕಡಿ ಏರಿದ ಮನೆ

ಪ್ಯಾನ್‌ಕೇಕಿನ ಬಾಣಲೆ ಉಜ್ಜುತ್ತಿದ್ದ ವರ್ಲಿನ್‌ನ ಕೈ ಅರ್ಧದಲ್ಲೇ ನಿಂತಿತು. ಪಕ್ಕದ ಮನೆಯ ಒಲೀಟಾ ಕಿಟಕಿಯೊಳಗೆ ತಲೆ ತೂರಿಸಿದ್ದಳು.

“ಹೊರಡೋದೇನೋ ಹೊರಟೆ. ಈ ಮನೆ ತೂಕ ಮಾಡಿಸಿದ್ಯಾ?”

ಮಾಡಿಸಿರಲಿಲ್ಲ. ಬ್ಯಾಂಕಿನ ಸಾಲದ ದೊಡ್ಡ ಮನೆಯ ಸಹವಾಸವೇ ಬೇಡವೆಂದು, ಎರಡು ವರ್ಷ ರಜಾದಿನಗಳನ್ನೆಲ್ಲ ಸವೆಸಿ, ಅಪ್ಪ ಮಗಳು ಇಬ್ಬರಿಗೆಂದು ಅವನೇ ಗಾಲಿಗಳ ಮೇಲೆ ಕಟ್ಟಿದ ಮನೆ ಅದು. ಮೆಟ್ಟಿಲೊಂದೊಂದೂ ಎಳೆದರೆ ಖಾನೆ. ಊಟದ ಮೇಜು ಮಡಚಿದರೆ ಗೋಡೆ. ಆರು ವರ್ಷದ ಟ್ಯಾನ್ಸಿಗೆ ದುಂಡು ಕಿಟಕಿಯ ಪಕ್ಕದಲ್ಲೊಂದು ಪುಟ್ಟ ಮಂಚ. ಇಡೀ ಮನೆಯಲ್ಲಿ ಒಂದು ಮೊಳೆಯೂ ತಲೆ ಎತ್ತಿರಲಿಲ್ಲ.

ಮಾರಿದ ಹಳೆಯ ಮನೆಗೆ ಮಧ್ಯಾಹ್ನ ಹೊಸಬರು ಬರುವವರಿದ್ದರು. ಅಷ್ಟರೊಳಗೆ ಈ ಗಾಲಿ ಮನೆ ಗುಡ್ಡ ದಾಟಿ ಚಿಕ್ಕಮ್ಮನ ಜಮೀನು ಸೇರಬೇಕು. ಆದರೆ ವರ್ಲಿನ್‌ನ ಪಿಕಪ್ ಎಳೆಯಬಲ್ಲದ್ದು ಹತ್ತು ಸಾವಿರ ಪೌಂಡು ಮಾತ್ರ. ಅದಕ್ಕೆ ಮೀರಿದರೆ ಇಳಿಜಾರಿನಲ್ಲಿ ದೇವರೇ ಗತಿ.

ಕ್ಯಾನ್ಸಸ್ಸಿನ ಆ ಸಣ್ಣ ಊರಿನಲ್ಲಿ ದೊಡ್ಡ ತೂಕಕ್ಕೆಲ್ಲ ಇದ್ದದ್ದು ಗೋಧಿ ಉಗ್ರಾಣದಲ್ಲಿ ಲಾರಿಗಳನ್ನೇ ನಿಲ್ಲಿಸಿ ತೂಗುವ ತಕ್ಕಡಿ. ಮನೆಯನ್ನು ಅದರ ಮೇಲೆ ಬಿಟ್ಟು, ಪಿಕಪ್ ಬಿಡಿಸಿ, ವರ್ಲಿನ್ ತೂಕದ ಕೋಣೆಗೆ ಓಡಿದ. ಅಲ್ಲಿನ ಕಿಟಕಿಗೆ ಕಾಣುತ್ತಿದ್ದದ್ದು ಮನೆಯ ಬೆನ್ನು ಮಾತ್ರ.

“ಹತ್ತು ಸಾವಿರದ ಏಳುನೂರು,” ಎಂದ ತೂಕದ ಮುದುಕ ಗೇಲನ್.

“ಅಪ್ಪಾ,” ಎಂದಳು ಹಿಂದೆಯೇ ಓಡಿಬಂದ ಟ್ಯಾನ್ಸಿ.

“ತಡಿ ಪುಟ್ಟಿ.”

“ಆ ಕಬ್ಬಿಣದ ಒಲೆ ಯಾಕೆ ನಿಂಗೆ? ತೆಗ್ದುಬಿಡು,” ಎಂದಳು ಜೊತೆಗೇ ಬಂದಿದ್ದ ಒಲೀಟಾ. ಮನೆ ತಕ್ಕಡಿ ಏರುವ ಮೊದಲೇ ಅವಳು ಅರ್ಧ ಊರಿಗೆ ಫೋನು ಮಾಡಿ ಕರೆಸಿದ್ದಳು. ಬಂದಿದ್ದವರೆಲ್ಲ ಒಲೆಗೆ ಹೆಗಲು ಕೊಟ್ಟರು. ಅದು ಒಲೀಟಾಳ ತಮ್ಮನ ಗಾಡಿ ಏರಿ ಮದುವಣಗಿತ್ತಿಯಂತೆ ಹೊರಟೇಹೋಯಿತು.

ವರ್ಲಿನ್ ಮತ್ತೆ ತೂಕದ ಕೋಣೆಗೆ ಓಡಿದ.

“ಹನ್ನೊಂದು ಸಾವಿರ.”

“ಒಲೆ ತೆಗೆದ್ಮೇಲೆ ಜಾಸ್ತಿ ಆಯ್ತಾ?”

“ಮರ ಹಸಿ ಇರ್ಬೇಕು ಕಣಯ್ಯಾ. ಇಬ್ಬನಿ ಕುಡೀತಿದೆ,” ಎಂದ ಗೇಲನ್. “ನನ್ನ ತಕ್ಕಡಿ ನಲವತ್ತು ವರ್ಷದಿಂದ ಸುಳ್ಳು ಹೇಳಿಲ್ಲ.”

“ಅಪ್ಪಾ, ಒಂದು ಮಾತು.”

“ಆಮೇಲೆ, ಬಂಗಾರಿ.”

ಸ್ನಾನದ ತೊಟ್ಟಿ ಹೋಯಿತು. ಪುಸ್ತಕದ ಪೆಟ್ಟಿಗೆಗಳೂ ಹೋದವು. ಬಿಟ್ಟಿ ಸಾಮಾನಿನ ಸುದ್ದಿ ಕೇಳಿ ಉಳಿದರ್ಧ ಊರೂ ಬಂತು. “ಏನು ಕೈ ನಿಂದು, ವರ್ಲಿನ್!” “ಈ ಮೆಟ್ಟಿಲು ನೋಡ್ರೋ, ಬೀರು ಇದು!” ಎಂಬ ಹೊಗಳಿಕೆ ಗೋಡೆ ದಾಟಿ ಕೇಳುತ್ತಿತ್ತು. ಅಷ್ಟು ಸಂಕಟದಲ್ಲೂ ವರ್ಲಿನ್‌ನ ಎದೆ ಉಬ್ಬಿತು.

“ಹನ್ನೊಂದು ಸಾವಿರದ ನಾನೂರು,” ಎಂದ ಗೇಲನ್, ಸಾವಿನ ಸುದ್ದಿ ಹೇಳುವವನ ದನಿಯಲ್ಲಿ.

ವರ್ಲಿನ್ ಲೆಕ್ಕ ಹಾಕಿದ. ಒಳಗೆ ಇನ್ನು ತೆಗೆಯಬಹುದಾದದ್ದು ದುಂಡು ಕಿಟಕಿಯ ಪಕ್ಕದ ಮಂಚವೊಂದೇ. ಮಗಳ ಮುಖ ನೋಡಲಾರದೆ ಸ್ಪ್ಯಾನರ್ ಕೈಗೆತ್ತಿಕೊಂಡ.

ಟ್ಯಾನ್ಸಿ ಅವನ ತೋಳು ಹಿಡಿದಳು. ಈ ಸಲ ಬಿಡಲಿಲ್ಲ.

“ಅಪ್ಪಾ, ನೀನು ತೂಕ ನೋಡೋವಾಗೆಲ್ಲ ನಮ್ಮನೆ ಒಳಗೆ ತುಂಬ್ಕೊಂಡು ನಿಂತಿರ್ತಾರಲ್ಲ, ಅವರೆಲ್ಲಾ ನಮ್ಮ ಜೊತೇನೇ ಬರ್ತಾರಾ?”