ಯಾರ ಜೊತೆಗೂ ಜಗಳವಾಡದ ಬಣ್ಣ

"ಈ ಮನೆಗೆ ಬಣ್ಣ ಆರಿಸೋನು ನಾನೊಬ್ಬನೇ. ಇದರಲ್ಲಿ ಬೇರೆ ಯಾರೂ ತಲೆ ಹಾಕಕೂಡದು" ಎಂದು ಎದೋಸಾ ಭಾನುವಾರದ ಊಟದ ನಡುವೆ ಘೋಷಿಸಿದಾಗ ಎದುರಿಗಿದ್ದದ್ದು ಅವನ ಹೆಂಡತಿ ಅಡೆಸುವಾ ಒಬ್ಬಳೇ. ಮಗಳು ಇಸೋಕೆನ್ ಹಾಸ್ಟೆಲಿನಲ್ಲಿದ್ದಳು. ಹಾಗಾಗಿ ತಲೆ ಹಾಕುವ ಆ ಬೇರೆಯವರು ಯಾರು ಎಂಬುದರಲ್ಲಿ ಗೊಂದಲವಿರಲಿಲ್ಲ.

ಎದೋಸಾ ಬೆನಿನ್ ನಗರದ ನೀರು ಸರಬರಾಜು ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ನಕ್ಷೆ ಬರೆಯುವವನು. ಗೆರೆ ಎಂದರೆ ಎದೋಸಾನ ಗೆರೆ, ಕಣ್ಣು ಎಂದರೆ ಎದೋಸಾನ ಕಣ್ಣು ಎಂದು ಆ ಕಚೇರಿಯಲ್ಲಿ ಒಬ್ಬರು ಆಗಾಗ ಹೇಳುತ್ತಿದ್ದರು. ಆ ಒಬ್ಬರು ಅವನೇ. ಅಪ್ಪ ತೀರಿಕೊಂಡು ವರ್ಷ ತುಂಬುತ್ತ ಬಂದಿತ್ತು. ವರ್ಷದ ದಿನ ಇಡೀ ಕುಟುಂಬ ಈ ಮನೆಗೇ ಬರಬೇಕು. ಅಲ್ಲಿನ ಕಟ್ಟಳೆಯಂತೆ ಅಪ್ಪ ಬಾಳಿ ಸತ್ತ ಮನೆ ಹಿರಿಮಗ ಎದೋಸಾನ ಪಾಲಿಗೆ, ಬಂದವರ ಮುಂದೆ ಎಲೆಯಡಿಕೆಯಂತೆ ಕೋಲಾ ಕಾಯಿಯ ತಟ್ಟೆ ಹಿಡಿಯುವ ಮರ್ಯಾದೆಯೂ ಹಿರಿಮಗನ ಪಾಲಿಗೆ. ಆ ತಟ್ಟೆಯನ್ನು ಮೊದಲ ಸಲ ಹಿಡಿಯುವ ದಿನ ಹಿಂದೆ ಅಪ್ಪನ ಕಾಲದ ಗಿಳಿಹಸಿರು ಗೋಡೆ, ನೇರಳೆ ಕಿಟಕಿ ಇರಬೇಕೇ?

"ನೋಡು ಅಡೆಸುವಾ, ಬಣ್ಣದಲ್ಲಿ ಎರಡು ಜಾತಿ. ಒಂದು ಕೂಗಾಡೋ ಜಾತಿ, ಇನ್ನೊಂದು ತಟಸ್ಥ ಜಾತಿ. ಬಿಳಿ, ಕೆನೆ, ಬೂದಿ, ಕಂದು, ಕಪ್ಪು, ಇವೆಲ್ಲ ತಟಸ್ಥ. ಯಾರ ಜೊತೆಗೂ ಜಗಳ ಆಡಲ್ಲ."

"ಹಾಗಾದ್ರೆ ನಿಮ್ಮ ಮನೆತನದ್ದಲ್ಲ ಬಿಡಿ" ಎಂದಳು ಅಡೆಸುವಾ.

ಮರುದಿನದಿಂದ ಶೇಡ್ ಕಾರ್ಡ್ ಅವನ ಕೈಬಿಡಲಿಲ್ಲ. ಹಿಂದಿನ ಗೋಡೆಯ ಮೇಲೆ ಹದಿನಾಲ್ಕು ಚೌಕ ಬಳಿದು, ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಒಂದೊಂದರ ಮುಂದೆಯೂ ಕೈಕಟ್ಟಿ ನಿಂತು ನೋಡಿದ. ಅಡೆಸುವಾಳ ಕಣ್ಣಿಗೆ ಅವೆಲ್ಲ ಅಡುಗೆಮನೆಯೇ ಆಗಿ ಕಂಡವು. ಇದು ಗಂಜಿ, ಇದು ನೀರು ಜಾಸ್ತಿಯಾದ ಗಂಜಿ, ಇದು ನಿನ್ನೆಯ ಗಂಜಿ ಎಂದು ಬೆರಳು ಮಾಡಿ ತೋರಿಸಿದಳು.

"ತಮಾಷೆ ಅಲ್ಲ ಇದು. ಕೆನೆಯ ಹೊಟ್ಟೆಯೊಳಗೆ ಹಳದಿ ಇರುತ್ತೆ, ಈ ಬೂದಿಯ ಹೊಟ್ಟೆಯೊಳಗೆ ನೀಲಿ ಇದೆ. ಎರಡನ್ನೂ ಪಕ್ಕಪಕ್ಕ ಬಳಿದ್ರೆ ಸಂಜೆ ಹೊತ್ತಿಗೆ ಕೆನೆಗೆ ಕಾಮಾಲೆ ಹಿಡಿದಂಗೆ ಕಾಣುತ್ತೆ."

"ಜಗಳ ಆಡಲ್ಲ ಅಂದ್ರಲ್ಲ?"

"ಇದು ಜಗಳ ಅಲ್ಲ, ಹೊಂದಾಣಿಕೆಯ ಪ್ರಶ್ನೆ."

ಮೂರು ವಾರದ ತಪಸ್ಸಿನ ನಂತರ ತೀರ್ಮಾನ ಹೊರಬಿತ್ತು. ಗೋಡೆಗೆ ಸಿಪ್ಪೆ ಸುಲಿದ ಕಡಲೇಕಾಯಿಯ ತೆಳು ಬಣ್ಣ. ಕಿಟಕಿಯ ಸುತ್ತ ಅದೇ ಬಣ್ಣ, ಎರಡು ಪಟ್ಟು ಗಾಢ. ನೆಲದಿಂದ ಎರಡಡಿಯವರೆಗೆ ಬೀದಿಯ ಕೆಂಪು ಮಣ್ಣಿನದೇ ಕಂದು, ಮಳೆಗೆ ರಾಡಿ ಸಿಡಿದರೂ ಕಾಣಬಾರದು. ಸುಳ್ಳೇಕೆ, ಆಯ್ಕೆ ಚೆನ್ನಾಗಿಯೇ ಇತ್ತು. ಅಡೆಸುವಾ ಕೂಡ ಒಪ್ಪಿದಳು, ಮತ್ತು ಅಲ್ಲೇ ಒಂದು ಮಾತು ಕೇಳಿದಳು: "ಮಾವನ ಬರಹ?"

ಮುಂದಿನ ಗೋಡೆಯ ಮೇಲೆ ಅಪ್ಪ ಕಪ್ಪು ಬಣ್ಣದಲ್ಲಿ ಮಾರುದ್ದ ಬರೆದಿದ್ದ: 'ಈ ಮನೆ ಮಾರಾಟಕ್ಕಿಲ್ಲ.' ಆ ಊರಿನಲ್ಲಿ ಹಾಗೆ ಬರೆದ ಗೋಡೆಗಳು ಬೀದಿಗೆ ನಾಲ್ಕು ಸಿಗುತ್ತವೆ. ಅಪ್ಪ ಒಮ್ಮೆ ಹಳ್ಳಿಗೆ ಹೋಗಿ ಬರುವಷ್ಟರಲ್ಲಿ ಯಾರೋ ಠಕ್ಕನೊಬ್ಬ ಇದೇ ಮನೆಯನ್ನು ಇಬ್ಬರಿಗೆ ಮಾರಿಬಿಟ್ಟಿದ್ದ. ಇಬ್ಬರೂ ಒಂದೇ ದಿನ ಹಾಸಿಗೆ ಹೊತ್ತುಕೊಂಡು ಬಂದಿದ್ದರು. ಅವರನ್ನು ಸಾಗಹಾಕಿದ ಮೇಲೆ ಅಪ್ಪ ಏಣಿ ಹತ್ತಿ ತಾನೇ ಬರೆದ. ಸಾಲು ಓರೆಯಾಗಿತ್ತು. ಕಡೆಯ ಪದಕ್ಕೆ ಜಾಗ ಸಾಲದೆ ಅದು ಕಿಟಕಿಯ ಪಕ್ಕದಲ್ಲಿ ಕೆಳಕ್ಕೆ ಇಳಿದಿತ್ತು. ನಕ್ಷೆಕಾರ ಮಗನಿಗೆ ಅದನ್ನು ಕಂಡರೆ ಹದಿನಾರನೆಯ ವಯಸ್ಸಿನಿಂದಲೂ ನಾಚಿಕೆ.

"ಇಷ್ಟು ಮೆದುವಾದ ಗೋಡೆ ಮೇಲೆ ಅಷ್ಟು ದೊಡ್ಡ ಕಿರುಚಾಟವಾ? ನಮ್ಮನೆ ಮಾರಾಟಕ್ಕಿಲ್ಲ ಅಂತ ಬೀದಿಗೆಲ್ಲ ಗೊತ್ತು" ಎಂದ ಎದೋಸಾ.

"ಗೊತ್ತಿರೋರಿಗೆ ಅಂತ ಬರೆದಿರಲಿಲ್ಲ ಅವರು" ಎಂದಳು ಅಡೆಸುವಾ. ತಲೆ ಹಾಕಕೂಡದು ಎಂಬ ಆಜ್ಞೆ ನೆನಪಾಗಿ ಒಳಗೆ ಹೋದಳು.

ಬಣ್ಣ ಬಳಿಯಲು ಬಂದವನ ಹೆಸರು ಫ್ರೈಡೇ. ಬಂದದ್ದು ಮಂಗಳವಾರ. ಐವತ್ತು ದಾಟಿದ, ಹೆಚ್ಚು ಮಾತಾಡದ ಆಸಾಮಿ. ಆ ಬರಹದ ಮುಂದೆ ಕುಂಚ ಹಿಡಿದು ನಿಂತು, ಯಜಮಾನನನ್ನು ಅಲ್ಲಿಯವರು ಕರೆಯುವಂತೆ, "ಓಗಾ, ಇದನ್ನ ಬಿಟ್ಟು ಬಳೀಲಾ, ಮೇಲೇ ಬಳೀಲಾ?" ಎಂದು ಕೇಳಿದ.

"ಮೇಲೇ ಬಳಿ."

ಫ್ರೈಡೇ ಎದೋಸಾನ ಮುಖವನ್ನು ಒಮ್ಮೆ ನೋಡಿ ಬಳಿದ. ಮೊದಲ ಕೋಟ್ ಒಣಗಿತು, ಅಪ್ಪನ ಅಕ್ಷರ ಹಾಗೇ ಮೂಡಿಬಂತು. ಎರಡನೆಯ ಕೋಟಿಗೂ ಬಂತು. ಮೂರನೆಯದಕ್ಕೆ ಮಬ್ಬಾಗಿ, ಮಂಜಿನೊಳಗಿಂದ ನೋಡಿದಂತೆ ಬಂತು. "ನಿಮ್ಮಪ್ಪ ಸುಲಭಕ್ಕೆ ಹೋಗೋರಲ್ಲ" ಎಂದ ಫ್ರೈಡೇ. ನಾಲ್ಕನೆಯ ಕೋಟಿಗೆ ಹೋದರು. ಎದೋಸಾ ರಸ್ತೆಯ ಆಚೆ ಬದಿಗೆ ಹೋಗಿ ನಿಂತು ನೋಡಿದ. ಮನೆ ಹಾಲು ಕುಡಿದು ಮಲಗಿದ ಕೂಸಿನಂತೆ ಕಂಡಿತು, ಅವನಿಗೆ ಅದಕ್ಕಿಂತ ಹೆಚ್ಚೇನೂ ಬೇಕಿರಲಿಲ್ಲ.

ಬಣ್ಣ ಮುಗಿದ ನಾಲ್ಕನೆಯ ದಿನ ಒಂದು ಕಾರು ನಿಂತಿತು. ಇಳಿದವನು ಗೋಡೆಯನ್ನು ಸವರಿ, "ಎಂಥಾ ಬಣ್ಣ ಸಾರ್" ಎಂದ. ಎದೋಸಾ ಹಿಗ್ಗಿಹೋದ. ಅವನನ್ನು ಕೂರಿಸಿ ಕೆನೆ, ಬೂದಿಗಳ ಹೊಟ್ಟೆಯ ವಿಚಾರವನ್ನೆಲ್ಲ ಅರ್ಧ ಗಂಟೆ ವಿವರಿಸಿದ. ಆತ ತಾಳ್ಮೆಯಿಂದ ಕೇಳಿ, ಕೊನೆಗೆ, "ಅದೆಲ್ಲ ಸರಿ, ಎಷ್ಟಕ್ಕೆ ಬಿಡ್ತೀರಿ?" ಎಂದ.

ಮರುದಿನ ಇಬ್ಬರು ಬಂದರು. ಅದರ ಮರುದಿನ ಗಂಡ ಹೆಂಡತಿ ಇಬ್ಬರು ಅಳತೆಪಟ್ಟಿ ಹಿಡಿದು ನೇರ ಅಡುಗೆಮನೆಗೇ ನುಗ್ಗಿದರು. "ಈ ಗೋಡೆ ಒಡೆದುಬಿಡೋಣ" ಎಂದಳು ಆಕೆ.

ಅಡೆಸುವಾ ಒರಳಲ್ಲಿ ಗೆಣಸು ಕುಟ್ಟುತ್ತಿದ್ದಳು. ಒನಕೆಯನ್ನು ಅವಳ ಕಡೆ ಚಾಚಿ, "ಒಡೀರಿ, ಒಡೀರಿ. ಕೈಗೆ ಏನಾದರೂ ಬೇಕಲ್ಲ, ಇದನ್ನ ತಗೊಳ್ಳಿ" ಎಂದಳು. ಗಂಡ ಹೆಂಡತಿ ಅಳತೆಪಟ್ಟಿಯನ್ನು ಅಲ್ಲೇ ಬಿಟ್ಟು ಹೋದರು.

ಎದೋಸಾ ಫ್ರೈಡೇಯನ್ನು ಹುಡುಕಿಕೊಂಡು ಹೋಗಿ, ಕೊಳ್ಳುವವರು ಯಾಕೆ ಹೀಗೆ ಬರುತ್ತಿದ್ದಾರೆಂದು ಕೇಳಿದ. ಫ್ರೈಡೇ ಸಮಾಧಾನದಿಂದ ಹೇಳಿದ: "ಮನೆ ಮಾರೋರು ಬಳಿಸೋದೇ ಈ ಬಣ್ಣ, ಓಗಾ. ಕೊಳ್ಳೋರು ಯಾರೂ ಬೇಡ ಅನ್ನಬಾರದಲ್ಲ. ಮಳೆಗಾಲ ಮುಗಿದ ಮೇಲೆ ಇಂಥವೇ ಮೂರು ಬಳಿದೆ, ಮೂರೂ ಹೋದವು."

"ಮೊದಲೇ ಯಾಕಯ್ಯಾ ಹೇಳಲಿಲ್ಲ?"

"ನಾಲ್ಕು ಕೋಟ್ ಹಾಕಿಸಿ ಬರಹ ಅಳಿಸಿದ್ರಿ. ಮಾರ್ತಿದ್ದೀರಿ ಅಂದ್ಕೊಂಡೆ. ಅಪ್ಪನ ಮನೆ ಮಾರೋನನ್ನ ಯಾಕೆ ಅಂತ ಕೇಳೋಕಾಗುತ್ತಾ? ಪಾಪ, ಅವನಿಗೆ ಏನು ಕಷ್ಟವೋ."

ಫ್ರೈಡೇ ಅಂದುಕೊಂಡದ್ದನ್ನೇ ಬೀದಿಯೂ ಅಂದುಕೊಂಡಿತ್ತು. ಬೀದಿ ಅಂದುಕೊಂಡದ್ದು ಸೋದರತ್ತೆ ಎಕಿವಾಳ ಕಿವಿ ಮುಟ್ಟಲು ಒಂದು ಸಂತೆಯ ದಿನ ಸಾಕಾಯಿತು. ಶನಿವಾರ ಬೆಳಿಗ್ಗೆ ಆಕೆ ಮುಕ್ಕಾಲಿಯೊಂದನ್ನು ಹೊತ್ತು ಬಂದು, ಒಳಗೆ ಕಾಲಿಡದೆ, ಮನೆಯ ಎದುರು ಕೆಂಪು ಮಣ್ಣಿನಲ್ಲೇ ಅದನ್ನು ಹಾಕಿಕೊಂಡು ಕೂತಳು. ಎದೋಸಾ ಓಡಿಬಂದು ಮಂಡಿಯೂರಿ ನಮಸ್ಕರಿಸಿ ಕೋಲಾ ಕಾಯಿಯ ತಟ್ಟೆ ಚಾಚಿದ.

"ಮಾರೋ ಮನೆಯ ಕೋಲಾ ನನಗೆ ಬೇಡ."

"ಅತ್ತೇ, ಯಾರು ಮಾರ್ತಿದ್ದಾರೆ? ಬಣ್ಣ ಬಳಿಸಿದೆ ಅಷ್ಟೇ. ಇದು ತಟಸ್ಥ ಬಣ್ಣ."

"ನಿಮ್ಮಪ್ಪ ಒಂದು ದಿನವಾದರೂ ತಟಸ್ಥನಾಗಿದ್ದನೇನೋ?" ಎಂದಳು ಅತ್ತೆ. "ಈ ಮನೆ ನಿನ್ನ ಹೆಸರಿಗೆ ಬಂದಿದೆ, ನಿನ್ನ ಮನಸ್ಸಿಗೆ ಬಂದಂತೆ ಮಾಡೋಕಲ್ಲ. ವರ್ಷದ ದಿನ ಕೋಲಾ ತಟ್ಟೆಯನ್ನ ನಿನ್ನ ತಮ್ಮನ ಕೈಗೆ ಕೊಡೋಣ ಅಂತ ಹಿರಿಯರು ಮಾತಾಡ್ತಿದ್ದಾರೆ. ಅದೆಲ್ಲ ಹಾಗಿರಲಿ. ನಿಮ್ಮಪ್ಪನ ಅಕ್ಷರ ಎಲ್ಲಿ?"

ಎದೋಸಾ ತಿರುಗಿ ಗೋಡೆ ನೋಡಿದ. ಅಲ್ಲಿ ಕಡಲೇಕಾಯಿಯ ತೆಳು ಬಣ್ಣವಿತ್ತು, ಬೇರೇನೂ ಇರಲಿಲ್ಲ. ಅಪ್ಪ ಕಾಗದ ಬರೆಯುವವನಲ್ಲ, ಲೆಕ್ಕವನ್ನೂ ಬಾಯಲ್ಲೇ ಇಡುತ್ತಿದ್ದವನು. ಅವನ ಕೈಬರಹವೆಂದು ಭೂಮಿಯ ಮೇಲೆ ಇದ್ದದ್ದು ಆ ಒಂದು ಓರೆ ಸಾಲು. ಮೂವತ್ತು ವರ್ಷ ಅದನ್ನು ಕಂಡು ನಾಚಿದ ಮಗ, ಕೊನೆಗೆ ಕೂಲಿ ಕೊಟ್ಟು ಅಳಿಸಿದ್ದ. ಮೂರು ಸಲ ಮೇಲೆದ್ದು ಬಂದರೂ ಬಿಡದೆ ಅಳಿಸಿದ್ದ. ಅವನು ಹೋಗಿ ಉಗುರಿನಿಂದ ಕೆರೆದು ನೋಡಿದ. ಬಣ್ಣ ಒಂದು ಚೂರೂ ಏಳಲಿಲ್ಲ, ಒಳ್ಳೆಯ ಬಣ್ಣವನ್ನೇ ಆರಿಸಿದ್ದ.

"ತಪ್ಪಾಯ್ತು ಅತ್ತೆ" ಎಂದ.

"ಏಣಿ ತಗೊಂಡು ಬಾ" ಎಂದಳು ಅತ್ತೆ.

"ಫ್ರೈಡೇಯನ್ನ ಕರೆಸ್ತೀನಿ. ಅವನ ಅಕ್ಷರ ಚೆನ್ನಾಗಿದೆ."

"ಕೈ ನಿಂದೇ ಆಗಬೇಕು."

"ಯಾವ ಬಣ್ಣದಲ್ಲಿ ಬರೀಲಿ?" ಎಂದು ಅವನು ತನ್ನ ಆಜ್ಞೆಯನ್ನೇ ಮರೆತು ಹೆಂಡತಿಯನ್ನು ಕೇಳಿದ.

"ಕಪ್ಪಲ್ಲಿ ಬರೀರಿ. ಅದೂ ತಟಸ್ಥ ಜಾತಿ ಅಂತ ನೀವೇ ಪಾಠ ಮಾಡಿದ್ರಲ್ಲ" ಎಂದಳು ಅಡೆಸುವಾ, ಡಬ್ಬಿಯನ್ನು ಅವನ ಕೈಗಿಡುತ್ತ.

ಎದೋಸಾ ಕಚೇರಿಯ ಅಳತೆಕೋಲು, ದಾರ, ಸೀಮೆಸುಣ್ಣ ತಂದ. ಅತ್ತೆ ದಾರವನ್ನು ಕಿತ್ತುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಳು: "ನಿಮ್ಮಪ್ಪ ದಾರ ಕಟ್ಟಿ ಬರೆದಿದ್ನಾ?" ಅವನು ಬರಿಗೈಯಲ್ಲಿ ಬರೆಯತೊಡಗಿದ. ಏಣಿ ಅಲುಗಿತು, ಕಣ್ಣು ಮಂಜಾಗಿತ್ತು, ಇಪ್ಪತ್ತೆರಡು ವರ್ಷದ ಗೆರೆ ಕೈಕೊಟ್ಟಿತು. ಸಾಲು ಓರೆಯಾಯಿತು. ಕಡೆಯ ಪದಕ್ಕೆ ಜಾಗ ಸಾಲದೆ ಕಿಟಕಿಯ ಪಕ್ಕ ಕೆಳಕ್ಕೆ ಇಳಿಸಬೇಕಾಯಿತು. ಇಳಿದು ಬಂದು ರಸ್ತೆಯ ಆಚೆ ನಿಂತು ನೋಡಿದ. ಅಪ್ಪನದೇ ಸಾಲು ಎನ್ನುವಷ್ಟು ಹೋಲುತ್ತಿತ್ತು. ಆದರೆ ಅಪ್ಪನದಲ್ಲ. ಅದು ಅವನಿಗೆ ಗೊತ್ತು, ಅತ್ತೆಗೂ ಗೊತ್ತು.

"ಈಗ ಕೋಲಾ ತಗೋ ಅತ್ತೆ."

"ಇನ್ನೊಂದು ಸಾಲು ಬಾಕಿ ಇದೆ. ಏಣಿ ಹತ್ತು."

ಅತ್ತೆ ಕೆಳಗಿನಿಂದ ಒಂದೊಂದೇ ಪದ ಹೇಳಿದಳು, ಎದೋಸಾ ಮೇಲಿನಿಂದ ಒಂದೊಂದೇ ಪದ ಬರೆದ: 'ಹಿರಿಮಗ ಮಾರುತ್ತೇನೆಂದರೂ ನಂಬಬೇಡಿ.' ಆಮೇಲೆ ಆಕೆ ಒಳಗೆ ಬಂದು ಕೂತು, ಅವನ ಕೈಯ ತಟ್ಟೆಯಿಂದಲೇ ಕೋಲಾ ತೆಗೆದುಕೊಂಡಳು.

ಸಂಜೆ ಇನ್ನೊಂದು ಕಾರು ನಿಂತಿತು. ಇಳಿದವನು ಎರಡೂ ಸಾಲನ್ನು ಓದಿ, ಏಣಿ ಮಡಚುತ್ತಿದ್ದ ಎದೋಸಾನನ್ನು ಬಣ್ಣದವನೆಂದೇ ತಿಳಿದು, ದನಿ ತಗ್ಗಿಸಿ ಕೇಳಿದ: "ಆ ಹಿರಿಮಗ ಅಷ್ಟೊಂದು ಕೆಟ್ಟವನಾ?"

"ಕೆಟ್ಟವನೇನಲ್ಲ ಸಾರ್" ಎಂದ ಎದೋಸಾ. "ಸ್ವಲ್ಪ ಬಣ್ಣದ ಹುಚ್ಚು."